ಮೊದಲು ಹುಳಿ, ಆಮೇಲೆ ಹಣ್ಣು

ಅಕ್ಕನ ಮಗ ಅಮೆರಿಕದಲ್ಲಿದ್ದಾನೆ, ಮನೆಯಲ್ಲೇ ಬಿಯರ್ ಮಾಡುತ್ತಾನೆ. ಅಲ್ಲಿನ ಕೇಂದ್ರ ಸರ್ಕಾರ 1978ರಲ್ಲೇ ಅದಕ್ಕೆ ಕಾನೂನು ಮಾಡಿಕೊಟ್ಟಿದೆ. ನಮ್ಮಲ್ಲಿ ಅಬಕಾರಿ ಲೈಸೆನ್ಸ್ ಇಲ್ಲದೆ ಮಾಡುವಂತಿಲ್ಲ, ನಾನು ಮಾಡುವುದೂ ಲೈಸೆನ್ಸ್ ಇರುವ ಬ್ರೂವರಿಯಲ್ಲೇ. ಮೊನ್ನೆ ನಾನು ರಜೆಗೆ ಚಿಕ್ಕಮಗಳೂರಿಗೆ ಬಂದಿದ್ದಾಗ ಅವನ ಫೋನ್ ಬಂತು.

"ಮಾವ, ಪ್ಯಾಶನ್ ಫ್ರೂಟ್ ಹಾಕಿ ಹುಳಿ ಗೋಧಿ ಬಿಯರ್ ಮಾಡಿದೆ. ಹುಳಿನೇ ಬಂದಿಲ್ಲ. ಇನ್ನೆರಡು ಕೆಜಿ ಹಣ್ಣು ಸುರಿದುಬಿಡ್ಲಾ?"

"ಬೇಡ ಕಣೋ" ಅಂದೆ.

ಹಣ್ಣಿನ ಹುಳಿ ಬೇರೆ, ಈ ಬಿಯರಿನ ಹುಳಿ ಬೇರೆ. ಹಣ್ಣಿನದು ನಿಂಬೆ ಹಾಗೆ ಚುರುಕ್ ಅನ್ನುತ್ತದೆ. ಬಿಯರಿನದು ಮೊಸರಿನ ಹಾಗೆ ಮೆತ್ತಗೆ ಇರಬೇಕು, ಯಾಕಂದರೆ ಅದನ್ನು ಮಾಡುವುದು ಲ್ಯಾಕ್ಟೋಬ್ಯಾಸಿಲಸ್ ಅನ್ನುವ ಬ್ಯಾಕ್ಟೀರಿಯಾ. ಬರ್ಲಿನ್ನಿನ ಹಳೇ ಹುಳಿ ಗೋಧಿ ಬಿಯರ್ 'ಬರ್ಲಿನರ್ ವೈಸೆ'ಗೆ ರಾಸ್ಪ್‌ಬೆರಿ ಸಿರಪ್ ಸೇರಿಸುವುದು ಕುಡಿಯುವ ಗ್ಲಾಸಿಗೆ. ಅಷ್ಟರಲ್ಲಿ ಹುಳಿಯ ಕೆಲಸ ಮುಗಿದಿರುತ್ತದೆ.

ಈ ಬ್ಯಾಕ್ಟೀರಿಯಾಕ್ಕೆ ಬೇಕಾದದ್ದು ಬಿಸುಪು. ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ದೋಸೆ ಹಿಟ್ಟು ಹುಳಿ ಬರುತ್ತಿರಲಿಲ್ಲ, ಅಮ್ಮ ಪಾತ್ರೆಯನ್ನು ಒಲೆ ಪಕ್ಕ ಇಡುತ್ತಿದ್ದರು. ಇಲ್ಲೂ ಅಷ್ಟೇ. ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಕಾಳು, ನೆನೆಸಿ ತೆಗೆದ ಸಿಹಿ ರಸವನ್ನು ಒಮ್ಮೆ ಕುದಿಸಿ, 35ರಿಂದ 40 ಡಿಗ್ರಿಗೆ ಆರಿಸಿ, ಬ್ಯಾಕ್ಟೀರಿಯಾ ಹಾಕಿ ಒಂದೆರಡು ದಿನ ಅದೇ ಬಿಸಿಯಲ್ಲಿ ಬಿಡಬೇಕು. ಹುಡುಗ ನೆಲಮಾಳಿಗೆಯ 18 ಡಿಗ್ರಿಯಲ್ಲಿ ಇಟ್ಟಿದ್ದ. ಸಾಲದ್ದಕ್ಕೆ ಶುರುವಿನಲ್ಲೇ ಹಾಪ್ಸ್, ಬಿಯರಿಗೆ ಕಹಿ ಕೊಡುವ ಹೂವು, ಹಾಕಿದ್ದ. ಹಾಪ್ಸಿನ ಕಹಿ ಈ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ. ಹುಳಿ ಎಲ್ಲಿಂದ ಬರಬೇಕು ಹೇಳಿ?

ಮಾಲ್ಟ್ ಅಂದೆನಲ್ಲ, ಅರ್ಧ ಗೋಧಿ, ಅರ್ಧ ಬಾರ್ಲಿ. ಬಾರ್ಲಿಗಿರುವ ಹೊರಸಿಪ್ಪೆ ಗೋಧಿಗೆ ಇಲ್ಲದ್ದರಿಂದ ರಸ ಸೋಸುವಾಗ ಕಟ್ಟಿಕೊಳ್ಳುತ್ತದೆ. ತೊಳೆದ ಭತ್ತದ ಹೊಟ್ಟು ಒಂದಿಷ್ಟು ಬೆರೆಸಿದರೆ ಸರಾಗವಾಗಿ ಇಳಿಯುತ್ತದೆ. ಹಾಸನದ ಕಡೆ ರೈಸ್ ಮಿಲ್ಲಿನಲ್ಲಿ ರಾಶಿ ಬಿದ್ದಿರುವ ಹೊಟ್ಟನ್ನು ಅಮೆರಿಕದಲ್ಲಿ ಪ್ಯಾಕೆಟ್ಟಿನಲ್ಲಿ ಮಾರುತ್ತಾರೆ.

ನಾನು ಕಲಿತದ್ದು ದೊಡ್ಡ ನಷ್ಟದಿಂದ. ಮೊದಲ ಕೆಲಸದಲ್ಲಿ ಒಂದು ರಾತ್ರಿ ಹೀಟರ್ ಆಫ್ ಆಗಿ ಕೆಟಲ್ (ರಸ ಕುದಿಸುವ ಪಾತ್ರೆ) ತಣ್ಣಗಾಗಿತ್ತು, ಮುಚ್ಚಳವೂ ಸರಿಯಾಗಿ ಕೂತಿರಲಿಲ್ಲ, ಬೆಳಿಗ್ಗೆ ತೆಗೆದರೆ ವಾಂತಿಯ ವಾಸನೆ. ಬೇಡದ ಬ್ಯಾಕ್ಟೀರಿಯಾ ಬೆಳೆದು ಬ್ಯುಟಿರಿಕ್ ಆಸಿಡ್ ಮಾಡಿತ್ತು. ಹಣ್ಣು ಹಾಕಿ ಮುಚ್ಚಬಹುದು ಅಂದುಕೊಂಡೆ, 40 ಕೆಜಿ ಮಾವಿನ ತಿರುಳು ಸುರಿದೆ. ವಾಸನೆ ಹೋಗಲಿಲ್ಲ. ಮಾವನ್ನೂ ಸೇರಿಸಿ ಎಲ್ಲಾ ಚರಂಡಿಗೆ. ಆ ಮಾವಿನ ಹಣ್ಣು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಅಂದಿನಿಂದ ಬ್ಯಾಕ್ಟೀರಿಯಾ ಹಾಕುವ ಮುಂಚೆಯೇ ಸ್ವಲ್ಪ ಲ್ಯಾಕ್ಟಿಕ್ ಆಸಿಡ್, ಅಂದರೆ ಆ ಮೊಸರಿನ ಹುಳಿಯನ್ನೇ, ಸೇರಿಸಿ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 4.5ಕ್ಕೆ ಇಳಿಸುತ್ತೇನೆ. ಕೆಟ್ಟವು ಎಷ್ಟೋ ಅಲ್ಲೇ ಸುಮ್ಮನಾಗುತ್ತವೆ. ಗಾಳಿಯೂ ತಾಗದ ಹಾಗೆ ಮುಚ್ಚುತ್ತೇನೆ.

ನಾಲಿಗೆ ನಂಬಬೇಡಿ, ಪಿಎಚ್ ಮೀಟರ್ ಇಟ್ಟುಕೊಳ್ಳಿ. ಸಿಹಿ ಜಾಸ್ತಿ ಇರುವಾಗ ಹುಳಿ ಗೊತ್ತೇ ಆಗುವುದಿಲ್ಲ. ಸಾಮಾನ್ಯವಾಗಿ ನಾನು 3.3ಕ್ಕೆ ನಿಲ್ಲಿಸುತ್ತೇನೆ, ಪ್ಯಾಶನ್ ಫ್ರೂಟ್ ಹಾಕುವುದಾದರೆ 3.5ಕ್ಕೇ ಸಾಕು, ಯಾಕಂದರೆ ಅದರದ್ದೇ ಹುಳಿ ಆಮೇಲೆ ಸೇರುತ್ತದೆ. ನಿಲ್ಲಿಸುವುದು ಅಂದರೆ 15 ನಿಮಿಷ ಕುದಿಸುವುದು. ಹಾಪ್ಸ್ ಚಿಟಿಕೆಯಷ್ಟು ಹಾಕುವುದಿದ್ದರೆ ಈಗ. ಆರಿಸಿ ಯೀಸ್ಟ್ ಹಾಕುವಾಗ ಕೈ ಬಿಗಿ ಹಿಡಿಯಬೇಡಿ, ಹುಳಿಯಲ್ಲಿ ಅದಕ್ಕೆ ಕಷ್ಟ.

ಯೀಸ್ಟಿನ ಆರ್ಭಟ ಇಳಿದ ಮೇಲೆ ಹಣ್ಣು. 20 ಲೀಟರಿಗೆ ಒಂದು, ಒಂದೂವರೆ ಕೆಜಿ ತಿರುಳು, ಬಿಸಿ ಮಾಡಿ ಆರಿಸಿದ್ದು. ಹಣ್ಣಿನ ಸಕ್ಕರೆಯನ್ನು ಯೀಸ್ಟ್ ತಿಂದುಬಿಡುತ್ತದೆ, ಉಳಿಯುವುದು ಪರಿಮಳ ಮತ್ತು ಹುಳಿ. ಹಾಗಾಗಿ ಹಣ್ಣು ಹಾಕಿದ ಕೂಡಲೇ ಬಾಟಲಿಗೆ ತುಂಬಬಾರದು, ಒಳಗೆ ಗ್ಯಾಸ್ ಕಟ್ಟಿ ಗಾಜು ಸಿಡಿಯುತ್ತದೆ. ಸಕ್ಕರೆ ಎಷ್ಟು ಉಳಿದಿದೆ ಅಂತ ಅಳೆಯುವ ಹೈಡ್ರೋಮೀಟರ್ ಮೂರು ದಿನ ಒಂದೇ ಅಂಕಿ ತೋರಿಸಲಿ.

ಹುಡುಗನ ಬಿಯರಿಗೂ ದಾರಿ ಇತ್ತು. ಒಂದು ಗ್ಲಾಸಿಗೆ ತಿನ್ನಲು ಯೋಗ್ಯವಾದ ಲ್ಯಾಕ್ಟಿಕ್ ಆಸಿಡ್ ಹನಿಹನಿಯಾಗಿ ಎಣಿಸಿ ಹಾಕಿ, ರುಚಿ ಸರಿಬಂದ ಲೆಕ್ಕದಲ್ಲೇ ಉಳಿದದ್ದಕ್ಕೂ ಹಾಕು ಅಂದೆ. ನಿನ್ನೆ ಮೆಸೇಜ್ ಬಂದಿದೆ: "ಗ್ಲಾಸಿಗೆ ಆರು ಹನಿ, ಮಾವ. ಮುಂದಿನ ಸಲಕ್ಕೆ ಹೀಟರ್ ತಂದೆ."