ಪೈಲ್ವಾನ ಯಾಕೆ ಕೆಟ್ಟ? ಹಾರರ್ ಆಟಕ್ಕೆ ವೀರರನ್ನು ಕಟ್ಟುವ ಟಿಪ್ಪಣಿ

ನಾನು ಮೊದಲು ಕಟ್ಟಿದ ವೀರ ಒಬ್ಬ ಪೈಲ್ವಾನ. ಗರಡಿ ಮನೆಯಲ್ಲಿ ಬೆಳೆದವನು, ಗುಂಡುಕಲ್ಲು ಎತ್ತುವವನು. ಹೊಡೆದಾಟಕ್ಕೆ ಅವನಿಗೆ +3 ಕೊಟ್ಟಿದ್ದೆ, ಅಂದರೆ ದಾಳದಲ್ಲಿ ಬಿದ್ದ ಒಟ್ಟಿಗೆ ಮೂರು ಸೇರುತ್ತದೆ. ಗಂಗಾವತಿಯಲ್ಲಿ ಗೆಳೆಯನ ಮನೆ ಮಾಳಿಗೆ ಮೇಲೆ, ಶನಿವಾರ ರಾತ್ರಿ, ಲೈಟು ಆರಿಸಿ, ಒಂದೇ ಮೇಣದಬತ್ತಿ ಹಚ್ಚಿ ಆಟ ಶುರು ಮಾಡಿದೆವು. ಒಗ್ಗರಣೆ-ಮಿರ್ಚಿ ಪೊಟ್ಟಣ ಖಾಲಿಯಾಗುವಷ್ಟರಲ್ಲಿ ಪೈಲ್ವಾನ ದೆವ್ವದ ಜುಟ್ಟು ಹಿಡಿದು ಬಾವಿಕಟ್ಟೆಗೆ ಅಪ್ಪಳಿಸಿದ್ದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆದರೆ ಎರಡು ವಾರ ಕೂತು ಬರೆದ ಕಥೆ ಅಲ್ಲಿಗೆ ಮುಗಿದಿತ್ತು.

ತಪ್ಪು ಎಲ್ಲಿ ಆಯ್ತು ಅಂತ ಹುಡುಕುತ್ತಾ ಬರೆದಿಟ್ಟದ್ದು ಈ ಟಿಪ್ಪಣಿ. ನನ್ನ ಹಾಗೆ ಈಗಷ್ಟೇ ಆಟ ಕಟ್ಟಲು ಕಲಿಯುತ್ತಿರುವವರಿಗೆ.

ಗೊತ್ತಿಲ್ಲದವರಿಗೆ ಎರಡು ಮಾತು. ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಅಂದರೆ ಸುತ್ತ ಕೂತು ಮಾತಿನಲ್ಲೇ ಆಡುವ ಆಟ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ಹಿಡಿಯುತ್ತಾರೆ, ಏನಾಗುತ್ತದೆ ಅನ್ನೋದು ಅನುಮಾನ ಬಂದಾಗ ದಾಳ ಹಾಕುತ್ತಾರೆ. ಕಥೆ ನಡೆಸುವವರಿಗೆ ಜಿಎಂ ಅಂತಾರೆ. ನಮ್ಮ ಗುಂಪಿನಲ್ಲಿ ಅವರಿಗೆ ‘ಸಾರಥಿ’ ಅನ್ನುತ್ತೇವೆ. ದೊಡ್ಡಾಟ ನೋಡಿದವರಿಗೆ ಯಾಕೆ ಅಂತ ಹೇಳಬೇಕಿಲ್ಲ.

ಮೊದಲು ಲೆಕ್ಕ ನೋಡೋಣ. ನಮ್ಮದು ಮನೆಯಲ್ಲೇ ಮಾಡಿಕೊಂಡ ನಿಯಮ. ಎರಡು ದಾಳ ಹಾಕಬೇಕು, ಒಟ್ಟು 8 ಅಥವಾ ಹೆಚ್ಚು ಬಂದರೆ ಗೆಲುವು. ಎರಡು ದಾಳ 36 ರೀತಿ ಬೀಳಬಹುದು. ಅದರಲ್ಲಿ 8 ಅಥವಾ ಜಾಸ್ತಿ ಬರೋದು 15 ರೀತಿ. ಅಂದರೆ ನೂರಕ್ಕೆ ಸುಮಾರು 42. ಅರ್ಧಕ್ಕಿಂತ ಕಡಿಮೆ, ಹಾರರ್‌ಗೆ ಹೇಳಿ ಮಾಡಿಸಿದ ಹಾಗೆ. +1 ಕೊಟ್ಟರೆ ಅದು 58 ಆಗುತ್ತದೆ. +2 ಕೊಟ್ಟರೆ 72. ನಾನು ಪೈಲ್ವಾನನಿಗೆ ಕೊಟ್ಟದ್ದು +3, ಅಂದರೆ 83. ಆರು ಸಲ ಹೊಡೆದರೆ ಐದು ಸಲ ಗೆಲ್ಲುವವನು ದೆವ್ವಕ್ಕೆ ಯಾಕೆ ಹೆದರಬೇಕು? ‘+3 ಏನು ಮಹಾ’ ಅಂದುಕೊಂಡಿದ್ದೆ. ಎರಡು ದಾಳದ ಆಟದಲ್ಲಿ ಒಂದೊಂದು ಅಂಕವೂ ಭಾರ. ಈಗ ನನ್ನ ಆಟದಲ್ಲಿ ಯಾರಿಗೂ +1ರ ಮೇಲೆ ಇಲ್ಲ.

ಆದರೆ ಅಂಕ ಕಡಿಮೆ ಮಾಡಿದ ಕೂಡಲೇ ಇನ್ನೊಂದು ತಕರಾರು ಎದ್ದಿತು. ‘ನಾನು ಏನೂ ಮಾಡೋಕಾಗಲ್ಲ ಅಂದ್ರ ಆಟಕ್ಕ ಯಾಕ ಬರಬೇಕು?’ ಅಂದಳು ಗುಂಪಿನ ತಂಗಿಯೊಬ್ಬಳು. ಅದೂ ನಿಜ ಅಲ್ವಾ? ಬರೀ ಸಾಯೋಕೆ ಯಾರು ಬರುತ್ತಾರೆ? ವೀರ ಅನ್ನಿಸಬೇಕು, ಹೆದರಿಕೆಯೂ ಉಳಿಯಬೇಕು. ಕಷ್ಟ ಇರುವುದೇ ಇಲ್ಲಿ.

ಬೇರೆಯವರು ಹೇಗೆ ಮಾಡಿದ್ದಾರೆ ಅಂತ ಓದಿದೆ. 1974ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಪಾತ್ರಗಳಿಗೆ ‘ಕ್ಲಾಸ್’ ಅನ್ನುವ ವಿಂಗಡಣೆ ಕೊಟ್ಟಿತು. ಹೊಡೆದಾಡುವವ, ಮಂತ್ರ ಹಾಕುವವ, ದೇವರ ಬಲ ಇರುವವ. ಅಲ್ಲಿ ಕೇಳುವ ಪ್ರಶ್ನೆ ‘ನಿನಗೆ ಏನು ಬರುತ್ತದೆ?’ ಸಾಹಸದ ಕಥೆಗೆ ಅಷ್ಟು ಸಾಕು. ನಾನು ಪೈಲ್ವಾನನನ್ನು ಕಟ್ಟಿದ್ದು ಇದೇ ತಲೆಯಲ್ಲಿ.

1981ರಲ್ಲಿ ಬಂದ ಕಾಲ್ ಆಫ್ ಕ್ತುಲು ಬೇರೆ ದಾರಿ ಹಿಡಿಯಿತು. ಅಲ್ಲಿ ಪತ್ರಕರ್ತ, ಡಾಕ್ಟರ್, ಪತ್ತೇದಾರ, ಹೀಗೆ ಉದ್ಯೋಗಗಳು. ಜೊತೆಗೆ ಮನಸ್ಸಿನ ಸ್ಥಿಮಿತಕ್ಕೂ ಅಂಕ. ನನಗೆ ತುಂಬಾ ಹಿಡಿಸಿದ್ದು ಅದರೊಳಗಿನ ಒಂದು ಸಣ್ಣ ನಿಯಮ. ಭೂತಗಳ ಬಗ್ಗೆ ಗುಟ್ಟಿನ ವಿದ್ಯೆ ಅಂತ ಒಂದು ಇದೆ. ಅದು ಜಾಸ್ತಿ ಆದರೆ ಉಪಯೋಗ ಜಾಸ್ತಿ. ಆದರೆ ಸ್ಥಿಮಿತದ ಅಂಕ ಎಲ್ಲಿವರೆಗೆ ಏರಬಹುದೋ ಆ ಮಿತಿ 99ರಿಂದ ಅಷ್ಟೇ ಅಂಕ ಕೆಳಗಿಳಿಯುತ್ತದೆ. ವಿದ್ಯೆ 20 ಇದ್ದರೆ ಸ್ಥಿಮಿತ 79ರ ಮೇಲೆ ಯಾವತ್ತೂ ಹೋಗಲ್ಲ. ಕಾಪಾಡುವ ವಿದ್ಯೆಯೇ ಕೆಡಿಸುತ್ತಾ ಬರುತ್ತದೆ. ಇದನ್ನು ಓದಿದ ರಾತ್ರಿ ನನ್ನ ನೋಟ್‌ಬುಕ್ಕಿನಲ್ಲಿ ದೊಡ್ಡದಾಗಿ ಬರೆದುಕೊಂಡೆ: ‘ಬಲ ಭಯವನ್ನು ಓಡಿಸಬಾರದು, ಭಯದ ಹತ್ತಿರ ಕರೆದುಕೊಂಡು ಹೋಗಬೇಕು.’

ಇದೇ ಆಟಕ್ಕೆ ಆಮೇಲೆ ಬಂದ ಪಲ್ಪ್ ರೂಪದಲ್ಲಿ ಪಾತ್ರಗಳ ಜೀವದ ಅಂಕವನ್ನು ಎರಡು ಪಟ್ಟು ಮಾಡಿ, ಸಿನಿಮಾ ಹೀರೋಗಳ ಥರ ಮಾದರಿಗಳನ್ನು ಕೊಟ್ಟಿದ್ದಾರೆ. ಹೊಡೆದಾಟ ಇಷ್ಟಪಡುವ ಗುಂಪಿಗೆ ಚೆನ್ನಾಗಿದೆ. ನನಗೆ ಬೇಕಾದದ್ದು ಅದಲ್ಲ.

ಮದರ್‌ಶಿಪ್ ಅಂತ ಇನ್ನೊಂದಿದೆ, ಬಾಹ್ಯಾಕಾಶದ ಹಾರರ್. ಅದರಲ್ಲಿ ಬಂದೂಕು ಹಿಡಿದ ಸೈನಿಕ ಅತಿ ಗಟ್ಟಿ ಮನುಷ್ಯ. ಆದರೆ ಅವನೇ ದಿಗಿಲುಬಿದ್ದರೆ ಹತ್ತಿರ ಇರುವ ಗೆಳೆಯರೆಲ್ಲ ಹೆದರಿಕೆಗೆ ದಾಳ ಹಾಕಬೇಕು. ಎಷ್ಟು ಸರಿ ನೋಡಿ. ಮನೆಯಲ್ಲಿ ಯಾವತ್ತೂ ಅಳದ ಅಪ್ಪ ಅತ್ತರೆ ಮಕ್ಕಳಿಗೆ ಏನಾಗುತ್ತದೆ? ಅದೇ.

ಇನ್ನು ನಮ್ಮ ಕಡೆಯ ಮಾತಿಗೆ ಬರುತ್ತೇನೆ. ದೊಡ್ಡಾಟದಲ್ಲಿ ಪಾತ್ರ ರಂಗಕ್ಕೆ ಬಂದ ಕೂಡಲೇ ಸಾರಥಿ ಎದುರು ನಿಂತು ಕೇಳುತ್ತಾನೆ: ತಾವು ಯಾರು, ಎಲ್ಲಿಯವರು, ಇಲ್ಲಿಗೆ ಬಂದ ಕಾರಣ ಏನು? ರಾಜನಾಗಲಿ ರಾಕ್ಷಸನಾಗಲಿ, ಉತ್ತರ ಹೇಳಿಯೇ ಮುಂದೆ ಹೋಗಬೇಕು. ನಾನು ಈ ಪ್ರಶ್ನೆಗಳನ್ನೇ ಎತ್ತಿಕೊಂಡೆ. ಹಾರರ್‌ಗೆ ಮುಖ್ಯ ಆಗುವುದು ಕೊನೆಯದು. ಬಂದ ಕಾರಣಕ್ಕಿಂತ, ನೀನು ಯಾಕೆ ಓಡಿಹೋಗಲ್ಲ? ತಲೆ ಸರಿ ಇರುವ ಯಾರೇ ಆದರೂ ಮೊದಲ ಕಿರುಚಾಟ ಕೇಳಿದ ಕೂಡಲೇ ಕೊಪ್ಪಳದ ಬಸ್ಸು ಹತ್ತುತ್ತಾರೆ. ನಿಮ್ಮ ವೀರ ಹತ್ತಲ್ಲ ಅಂದರೆ ಕಾರಣ ಅವನ ಕಸುಬಿನಲ್ಲೇ ಇರಬೇಕು. ‘ಅವನು ಧೈರ್ಯಶಾಲಿ’ ಅನ್ನುವುದು ಕಾರಣ ಅಲ್ಲ.

ನನ್ನ ಆಟ ನಡೆಯುವ ಊರು ಕಲ್ಪನೆಯದು. ಆದರೆ ಅದನ್ನು ಇಟ್ಟದ್ದು ಹಿರೇಬೆಣಕಲ್ ಬೆಟ್ಟದ ಬುಡದಲ್ಲಿ. ಗಂಗಾವತಿಯಿಂದ ದೂರ ಇಲ್ಲ. ಬೆಟ್ಟದ ಮೇಲೆ ಸಾವಿರಾರು ವರ್ಷ ಹಳೆಯ ಕಲ್ಲುಮನೆಗಳಿವೆ, ಸುಮಾರು 400 ಅಂತ ಲೆಕ್ಕ. ಚಪ್ಪಡಿ ನಿಲ್ಲಿಸಿ ಮೇಲೆ ಚಪ್ಪಡಿ ಮುಚ್ಚಿದ್ದು. ಕೆಲವಕ್ಕೆ ಒಂದು ಬದಿಯಲ್ಲಿ ದುಂಡನೆಯ ತೂತು. ಸತ್ತವರಿಗಾಗಿ ಕಟ್ಟಿದ್ದು ಅಂತ ತಿಳಿದವರು ಹೇಳುತ್ತಾರೆ. ಊರಿನವರ ಬಾಯಲ್ಲಿ ಅದು ಮೋರೇರ ಗುಡ್ಡ, ಅಲ್ಲಿದ್ದವರು ಗಿಡ್ಡ ಜನ. ಒಂದು ಬಂಡೆ ನಗಾರಿಯ ಆಕಾರದಲ್ಲಿದೆ, ಬಾರಿಸಿದರೆ ದೂರಕ್ಕೆ ಸದ್ದು ಕೇಳುತ್ತದೆ. ನಾನು ಬೇರೆ ದೆವ್ವವನ್ನೇನೂ ಹುಡುಕಲಿಲ್ಲ. ಆಟದ ನಡುವೆ ಟೇಬಲ್ ಮೇಲೆ ಬೆರಳಿನಿಂದ ಒಮ್ಮೆ ‘ಢಂ’ ಅನ್ನಿಸುತ್ತೇನೆ, ಅಷ್ಟೇ.

ಈಗ ಲೈನ್‌ಮ್ಯಾನ್. ನಾನು ಕಟ್ಟಿದ್ದರಲ್ಲಿ ಇದೇ ಚೆನ್ನಾಗಿ ಬಂದದ್ದು, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ಯಾಕೆ ಓಡಿಹೋಗಲ್ಲ? ಕರೆಂಟ್ ಹೋಗಿದೆ, ಊರೆಲ್ಲ ಅವನ ಫೋನಿಗೇ ಮಾಡುತ್ತಿದೆ. ಬೆಳಗಾದರೆ ಬೈಸಿಕೊಳ್ಳುವವನು ಅವನೇ. ಇದಕ್ಕಿಂತ ಗಟ್ಟಿ ಕಾರಣ ನನಗಂತೂ ಹೊಳೆದಿಲ್ಲ. ಅವನ ಬಲ: ಒಂದು ರಾತ್ರಿಗೆ ಒಂದು ಸಲ, ದಾಳ ಹಾಕದೆ, ಇಡೀ ಊರಿಗೆ ಬೆಳಕು ತರಬಹುದು. ಬೆಳಕಿರುವ ತನಕ ದೆವ್ವ ಯಾರನ್ನೂ ಮುಟ್ಟುವ ಹಾಗಿಲ್ಲ. ಯಾವ +3ಕ್ಕಿಂತಲೂ ದೊಡ್ಡ ಬಲ ಇದು. ಬೆಲೆ ಏನು? ತಂತಿ ಕಡಿದಿರುವುದು ಊರ ಹೊರಗೆ, ಟಿಸಿ (ಟ್ರಾನ್ಸ್‌ಫಾರ್ಮರ್) ಹತ್ತಿರ. ಒಬ್ಬನೇ ಹೋಗಬೇಕು. ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್‌ಗೆ ಫೋನ್ ಮಾಡಿ ಎಲ್‌ಸಿ ತಗೋಬೇಕು. ಎಲ್‌ಸಿ ಅಂದರೆ ಲೈನ್ ಕ್ಲಿಯರ್. ‘ಲೈನ್ ಬಂದ್ ಮಾಡಿದ್ದೀವಿ, ನೀನು ವಾಪಸ್ ಹೇಳೋ ತನಕ ಚಾರ್ಜ್ ಮಾಡಲ್ಲ’ ಅಂತ ಆ ಕಡೆಯವರು ಕೊಡುವ ಮಾತು. ಕಂಬದ ಮೇಲೆ ಇರುವವನ ಜೀವ ಆ ಒಂದು ಮಾತಿನ ಮೇಲೆ.

ನಮ್ಮ ಗುಂಪಿನಲ್ಲಿ ದೊಡ್ಡವರೊಬ್ಬರಿದ್ದಾರೆ, ಎಲ್ಲರೂ ಅಣ್ಣ ಅಂತೀವಿ. ಅವರು ಈ ಪಾತ್ರ ಹಿಡಿದಿದ್ದರು. ಕಿವಿಗೆ ಕೈ ಇಟ್ಟುಕೊಂಡು ‘ಸಾರ್, ಎಲ್‌ಸಿ ಬೇಕಾಗಿತ್ರಿ’ ಅಂದರು.

‘ಕೊಟ್ಟೀನಿ. ಹತ್ತು’ ಅಂದೆ ನಾನು.

ಅಣ್ಣ ಕೈ ಇಳಿಸಲಿಲ್ಲ. ‘ಸಾರ್, ಇವತ್ತು ಡ್ಯೂಟಿ ಯಾರದ್ರಿ? ದನಿ ಗುರುತು ಹತ್ತಲಿಲ್ಲ.’

ನಾನು ಸುಮ್ನೆ ಕೂತೆ. ಬೆರಳಿನಿಂದ ಒಂದು ಸಲ ‘ಢಂ’. ಆಮೇಲೆ ಅದೇ ದನಿಯಲ್ಲಿ ಮತ್ತೆ, ‘ಹತ್ತು’.

ನಾಲ್ಕೈದು ನಿಮಿಷ ಅಣ್ಣ ಕಂಬ ಹತ್ತಲಿಲ್ಲ. ದಾಳ ಯಾರ ಕೈಯಲ್ಲೂ ಇರಲಿಲ್ಲ. ಮಿರ್ಚಿ ತಟ್ಟೆಯಲ್ಲೇ ಆರಿತು. ಇತ್ತ ಊರೊಳಗೆ ಉಳಿದವರು ‘ಅಣ್ಣ, ಲಗೂನ ಹತ್ತೋ’ ಅಂತ ಒದ್ದಾಡುತ್ತಿದ್ದರು, ಅವರ ಬಾಗಿಲಿಗೆ ದೆವ್ವ ಆಗಲೇ ಬಂದಾಗಿತ್ತಲ್ಲ. ಒಬ್ಬನ ಬಲ ಎಲ್ಲರಿಗೂ ಬೇಕು, ಆದರೆ ಅದನ್ನು ಬಳಸೋಕೆ ಅವನೊಬ್ಬನೇ ಕತ್ತಲಿಗೆ ಹೋಗಬೇಕು. ಈ ಎಳೆದಾಟ ಸಿಕ್ಕಿದರೆ ಪಾತ್ರ ಕಟ್ಟಿದ ಹಾಗೆ.

ಸೂಲಗಿತ್ತಿ ಅಜ್ಜಿಯನ್ನು ಕಟ್ಟಿದ್ದು ಇದೇ ಅಳತೆಯಲ್ಲಿ. ಊರಿನ ಅರ್ಧ ಜನ ಅವಳ ಕೈಯಲ್ಲಿ ಹುಟ್ಟಿದವರು. ಯಾರ ಮುಖ ಮುಟ್ಟಿ ನೋಡಿದರೂ, ಇವರು ತನ್ನ ಕೈಯಲ್ಲಿ ಹುಟ್ಟಿದವರು ಹೌದೋ ಅಲ್ಲವೋ ಅನ್ನುವುದನ್ನು ಸಾರಥಿ ನಿಜವಾಗಿ ಹೇಳಲೇಬೇಕು. ಮನುಷ್ಯರ ರೂಪದಲ್ಲಿ ಬರುವ ದೆವ್ವಕ್ಕೆ ಇದಕ್ಕಿಂತ ದೊಡ್ಡ ಶತ್ರು ಇಲ್ಲ. ಬೆಲೆ: ಆಟ ಶುರುವಾಗುವ ಮೊದಲೇ ಆಡುವವರು ಊರಿನ ಮೂವರ ಹೆಸರು ಬರೆದುಕೊಡಬೇಕು, ತಾನು ಹೆರಿಗೆ ಮಾಡಿಸಿದ ಮಕ್ಕಳು. ದೆವ್ವ ಮೊದಲು ಹೋಗುವುದು ಅವರ ಹತ್ತಿರ. ಏನೂ ಮಾಡೋಕಾಗಲ್ಲ ಅಂದ್ರ ಆಟಕ್ಕ ಯಾಕ ಬರಬೇಕು ಅಂದಿದ್ದ ತಂಗಿಯೇ ಈ ಪಾತ್ರ ಹಿಡಿದಳು. ಪೊಲೀಸ್ ಪೇದೆಯ ಕೆನ್ನೆ ಮುಟ್ಟಿ, ‘ಯಪ್ಪಾ, ನೀ ನನ್ನ ಕೈಯಾಗ ಹುಟ್ಟಿದವ ಅಲ್ಲ’ ಅಂತ ಮೆಲ್ಲಗೆ ಅಂದಳು. ಆ ಮಾತು ನಾನು ಬರೆದದ್ದಲ್ಲ, ಅವಳದೇ.

ಹಗಲುವೇಷದವನೂ ಒಬ್ಬನಿದ್ದಾನೆ. ಯಾವ ವೇಷ ಹಾಕಿದರೂ ದೆವ್ವ ನಂಬುತ್ತದೆ. ದಾಳ ತಪ್ಪಿದರೆ ವೇಷ ಕಳಚಲ್ಲ. ಇದು ಕೇಳೋಕೆ ಚೆಂದ, ಆಡಿಸುವಾಗ ಪ್ರತಿ ಸಲ ಗೊಂದಲ. ಇನ್ನೂ ತಿದ್ದಬೇಕು.

ಬಾನಾಮತಿ (ಮಾಟ) ಮಾಡುವವರು ಅಂತ ಒಂದು ಪಾತ್ರ ಸೇರಿಸು ಅಂತ ಇಬ್ಬರು ಹೇಳಿದರು. ನಾನು ಸೇರಿಸಲಿಲ್ಲ. ನಮ್ಮ ಸೀಮೆಯಲ್ಲಿ ಆ ಅನುಮಾನದ ಮೇಲೆ ನಿಜವಾದ ಜನ ಹೊಡೆತ ತಿಂದಿದ್ದಾರೆ. ಇಂಥ ಅಮಾನವೀಯ ಆಚರಣೆ ತಡೆಯೋಕೆ ರಾಜ್ಯ 2017ರಲ್ಲಿ ಕಾಯ್ದೆಯನ್ನೇ ಮಾಡಬೇಕಾಯಿತು. ನೆರೆಮನೆಯವರ ಮೇಲೆ ಬೆರಳು ತೋರಿಸುವ ಭಯ ನನ್ನ ಟೇಬಲ್ ಮೇಲೆ ಬೇಡ. ಇನ್ನೊಂದು ಅಭ್ಯಾಸವನ್ನೂ ಇಟ್ಟುಕೊಳ್ಳಿ: ಎಕ್ಸ್ ಬರೆದ ಒಂದು ಕಾರ್ಡ್ ನಡುವೆ ಇರಲಿ. ಯಾರಿಗಾದರೂ ತಡೆಯೋಕಾಗದಿದ್ದರೆ ಅದನ್ನು ಮುಟ್ಟಿದರೆ ಸಾಕು, ಆ ಸಂಗತಿ ಅಲ್ಲಿಗೇ ಬಿಡಬೇಕು, ಕಾರಣ ಕೇಳುವ ಹಾಗಿಲ್ಲ.

ಪೈಲ್ವಾನನನ್ನು ಬಿಟ್ಟುಬಿಡಲು ಮನಸ್ಸಾಗಲಿಲ್ಲ. +3 ಕಿತ್ತು ಹಾಕಿದೆ. ಈಗ ಅವನ ಬಲ ಒಂದೇ: ಅವನು ಬಾಗಿಲು ಒತ್ತಿ ಹಿಡಿದಷ್ಟು ಹೊತ್ತು ಒಳಗಿರುವ ಯಾರೂ ಸಾಯಲ್ಲ. ದಾಳ ಬೇಡ. ಆದರೆ ಹಿಡಿದಿರುವಾಗ ಬೇರೇನೂ ಮಾಡುವ ಹಾಗಿಲ್ಲ, ಆ ಕಡೆಯಿಂದ ಬರುವ ಮಾತು ಕೇಳುವುದು ಅವನಿಗೆ ಮಾತ್ರ. ಅವನು ಕೈ ಬಿಟ್ಟರೆ ಎಲ್ಲರ ಧೈರ್ಯದಿಂದ ಒಂದೊಂದು ಅಂಕ ಹೋಗುತ್ತದೆ. ಸೈನಿಕನ ನಿಯಮದ ನೆರಳು ಇಲ್ಲಿ ಕಾಣುತ್ತದೆ, ಒಪ್ಪುತ್ತೇನೆ. ಬಾಗಿಲ ಆಚೆಯ ಮಾತನ್ನು ನಾನು ಚೀಟಿಯಲ್ಲಿ ಬರೆದು ಅವನೊಬ್ಬನಿಗೇ ಕೊಡುತ್ತೇನೆ. ಓದಿ ಮಡಚಿ ಜೇಬಿಗಿಟ್ಟುಕೊಳ್ಳಬೇಕು. ಹೋದ ಸಲ ಬರೆದದ್ದು: ‘ನಾ ನಿಮ್ಮವ್ವ, ಹೊರಗೆ ಉಳಿದಿದ್ದೀನೋ.’ ಮೊದಲ ಆಟದಲ್ಲಿ ಜುಟ್ಟು ಹಿಡಿದು ನಕ್ಕಿದ್ದ ಗೆಳೆಯನೇ ಈ ಸಲವೂ ಪೈಲ್ವಾನ. ಚೀಟಿ ಓದಿ ನನ್ನ ಮುಖ ನೋಡಿದ, ಆಮೇಲೆ ಬಾಗಿಲ ಕಡೆ ನೋಡಿದ.

ಈಗ ಕೈಯಲ್ಲಿ ಅರ್ಧ ನಿಂತಿರುವ ಪಾತ್ರ ಒಬ್ಬ ಅಳತೆಗಾರ. ಬಳ್ಳಾರಿ ಕೋಟೆಯ ಕಥೆ ಕೇಳಿರುತ್ತೀರಿ. ಹೈದರಾಲಿ ಫ್ರೆಂಚ್ ಎಂಜಿನಿಯರ್ ಒಬ್ಬನಿಂದ ಕೋಟೆ ಗಟ್ಟಿ ಮಾಡಿಸಿದ. ಆಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಇನ್ನೂ ಎತ್ತರ. ಅಲ್ಲಿಂದ ಕೋಟೆಗೆ ಗುರಿ ಇಡಬಹುದು. ಸಿಟ್ಟಿಗೆ ಎಂಜಿನಿಯರನ್ನು ನೇಣು ಹಾಕಿಸಿದ ಅಂತ ಜನ ಹೇಳುತ್ತಾರೆ. ನನ್ನ ಅಳತೆಗಾರ ಯಾಕೆ ಓಡಿಹೋಗಲ್ಲ ಅನ್ನುವುದು ಸಿಕ್ಕಿದೆ: ಅವನ ಅಳತೆಯಲ್ಲಿ ಒಂದು ತಪ್ಪಿದೆ, ಅದು ಗೊತ್ತಿರುವುದು ಅವನಿಗೆ ಮಾತ್ರ. ಬೆಲೆಯೂ ಸಿಕ್ಕಿದೆ. ಬಲ ಮಾತ್ರ ಸಿಕ್ಕಿಲ್ಲ. ಮೂರು ಬರೆದೆ, ಮೂರನ್ನೂ ಹೊಡೆದುಹಾಕಿದೆ. ಬರುವ ಶನಿವಾರ ಬಲವಿಲ್ಲದೆಯೇ ಅವನನ್ನು ಅಣ್ಣನ ಕೈಗೆ ಕೊಟ್ಟು, ಏನು ಮಾಡುತ್ತಾರೆ ನೋಡುತ್ತೇನೆ.