ಚಿತ್ರ ಬಿಡಿ, ಹಲ್ಲು ಎಣಿಸಿ

ಹಳೇ ಸ್ಟಾಂಪ್ ಅಂದ ಕೂಡಲೇ ಲಕ್ಷಗಟ್ಟಲೆ ಬೆಲೆ ಬಾಳುತ್ತೆ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ವಯಸ್ಸಿಗೂ ಬೆಲೆಗೂ ಅಂಥ ನಂಟೇನೂ ಇಲ್ಲ. 1840ರಲ್ಲಿ ಬಂದ ಪೆನ್ನಿ ಬ್ಲ್ಯಾಕ್ ಜಗತ್ತಿನ ಮೊದಲ ಅಂಚೆಚೀಟಿ. ಅದು ಅಚ್ಚಾಗಿದ್ದು ಸುಮಾರು 6.8 ಕೋಟಿ, ಹಾಗಾಗಿ ಇವತ್ತಿಗೂ ಹುಡುಕಿದರೆ ಸಿಗುತ್ತದೆ. ದಿನನಿತ್ಯದ ಟಪಾಲಿಗೆಂದು ವರ್ಷಗಟ್ಟಲೆ ಅಚ್ಚಾಗುವ ಡೆಫಿನಿಟಿವ್ ಸ್ಟಾಂಪುಗಳಲ್ಲಂತೂ ಬಹುಪಾಲು ಸಿಗುವುದು ಪುಡಿಗಾಸಿಗೆ. ಸ್ಟಾಂಪುಗಳ ಬೆಲೆ ಪಟ್ಟಿ ಮಾಡುವ ಕ್ಯಾಟಲಾಗಿನಲ್ಲಿ ಅವಕ್ಕೆ ಹಾಕಿರುವ ಕನಿಷ್ಠ ಬೆಲೆ ಹೆಚ್ಚುಕಡಿಮೆ ಹುಡುಕಿ ಕೊಡುವ ವ್ಯಾಪಾರಿಯ ಕೂಲಿ, ಅಷ್ಟೇ.

ಆದರೆ ಒಂದೇ ಚಿತ್ರವನ್ನು ಬೇರೆ ಬೇರೆ ಯಂತ್ರದಲ್ಲಿ, ಬೇರೆ ಬೇರೆ ಕಾಗದದ ಮೇಲೆ ಅಚ್ಚು ಹಾಕಿರುತ್ತಾರೆ. ಮಜಾ ಇರುವುದೇ ಅಲ್ಲಿ.

ಅಂಚಿನ ಹಲ್ಲು ನೋಡಿ. 2 ಸೆಂಟಿಮೀಟರಿನಲ್ಲಿ ಎಷ್ಟು ತೂತು ಇವೆಯೋ ಅದೇ ಪರ್ಫೊರೇಶನ್ ಅಳತೆ. ವಾಷಿಂಗ್ಟನ್ ಇಲ್ಲವೇ ಫ್ರಾಂಕ್ಲಿನ್ ಮುಖವಿರುವ ಅಮೆರಿಕದ ವಾಷಿಂಗ್ಟನ್-ಫ್ರಾಂಕ್ಲಿನ್ ಸ್ಟಾಂಪುಗಳು 1908ರಲ್ಲಿ 12ರ ಅಳತೆಯಲ್ಲಿ ಬಂದವು. ತೂತು ಒತ್ತೊತ್ತಾಗಿ, ಹಾಳೆಗಳು ಮಾರುವ ಮೊದಲೇ ಬಿಟ್ಟುಕೊಳ್ಳುತ್ತಿದ್ದವು. ಆಮೇಲೆ 10ಕ್ಕೆ ಇಳಿಸಿದರು. ಆಗ ಸುಲಭವಾಗಿ ಬಿಡಿಸೋಕೇ ಆಗದಂತಾಯಿತು. 1917ರಲ್ಲಿ 11ಕ್ಕೆ ಬಂದು ನಿಂತರು.

ಹಲ್ಲು ಎಣಿಸಿದರೂ ಕೆಲಸ ಮುಗಿಯಲ್ಲ. ಅದೇ ದೇಶದ 1923ರ ಸುಮಾರಿನ 1 ಸೆಂಟಿನ ಹಸಿರು ಫ್ರಾಂಕ್ಲಿನ್ ತೆಗೆದುಕೊಳ್ಳಿ. ಚಿತ್ರ ಕೊರೆದ ಚಪ್ಪಟೆ ಲೋಹದ ತಟ್ಟೆಯಿಂದ ಅಚ್ಚಾದ, 11ರ ಹಲ್ಲಿನ ಸ್ಟಾಂಪು ಬೇಕಾದಷ್ಟಿದೆ. ಮುಂದೆ ಅದನ್ನು ರೋಟರಿ ಯಂತ್ರದಲ್ಲೂ ಅಚ್ಚು ಹಾಕಿದರು. ಅದರಲ್ಲಿ ತಟ್ಟೆಯನ್ನು ಬಗ್ಗಿಸಿ ಉರುಳೆಗೆ ಸುತ್ತಬೇಕು. ಬಗ್ಗಿದ ತಟ್ಟೆಯ ಹೊರಮೈ ಹಿಗ್ಗುತ್ತದೆ. ರಬ್ಬರಿನ ಮೇಲೆ ಗೆರೆ ಎಳೆದು ರಬ್ಬರನ್ನು ಬಗ್ಗಿಸಿದರೆ ಗೆರೆ ಉದ್ದವಾಗುತ್ತೆ ಅಲ್ವಾ? ಇಲ್ಲೂ ಅಷ್ಟೇ, ಕೊರೆದ ಚಿತ್ರ ಬಗ್ಗಿದ ದಿಕ್ಕಿಗೆ ಹಿಗ್ಗುತ್ತದೆ. ಹೆಚ್ಚೋದು ಅರ್ಧ ಮಿಲಿಮೀಟರಿನಷ್ಟು ಮಾತ್ರ. ಬರಿಗಣ್ಣಿಗೆ ಗೊತ್ತೇ ಆಗಲ್ಲ. ರೋಟರಿ ಹಾಳೆಗಳಿಗೆ ಮಾಮೂಲಿಯಾಗಿ 10ರ ಹಲ್ಲು ಹಾಕುತ್ತಿದ್ದರು. ಆದರೆ ರದ್ದಿಗೆ ಹೋಗಬೇಕಿದ್ದ ಕೆಲವು ತುಂಡುಗಳಿಗೆ 11ರ ಹಲ್ಲು ಹಾಕಿ ಮಾರಿದರು. ಅವುಗಳಲ್ಲಿ ಉದ್ದ ಹಿಗ್ಗಿದ ಒಂದು ಬಗೆಯ ಸ್ಟಾಂಪು ಇವತ್ತು ಬೆರಳೆಣಿಕೆಯಷ್ಟಿದೆ. ಅದೇ ಮುಖ, ಅದೇ ಹಸಿರು, ಬೆಲೆ ಮಾತ್ರ ಒಂದು ಮನೆಯ ಬೆಲೆಗೆ ಸಮ!

ಹಾಗಂತ ಹಿಗ್ಗಿದ ಹಸಿರು ಫ್ರಾಂಕ್ಲಿನ್ ಸಿಕ್ಕಿತೆಂದು ಕುಣಿಯಬೇಡಿ. ಮೊದಲು ನಾಲ್ಕೂ ಅಂಚು ನೋಡಿ. ಮಾಮೂಲಿ ಸ್ಟಾಂಪಿನ ಹಲ್ಲು ಕತ್ತರಿಸಿ ಹೊಸ ಹಲ್ಲು ಕೊರೆಯುವವರು ಇದ್ದಾರೆ. ಅಸಲಿ ತೂತಿನ ನಡುವೆ ಕಾಗದ ಎಳೆದು ಹರಿದಿರುತ್ತದೆ. ಭೂತಗನ್ನಡಿ ಹಿಡಿದರೆ ಹಲ್ಲಿನ ತುದಿಯಲ್ಲಿ ನಾರು ಕೂದಲಿನಂತೆ ಎದ್ದು ನಿಂತಿರೋದು ಕಾಣುತ್ತದೆ. ಕೊರೆದ ನಕಲಿಯಲ್ಲಿ ತುದಿ ಎಷ್ಟೋ ಸಲ ನುಣ್ಣಗೆ, ಚಪ್ಪಟೆಯಾಗಿರುತ್ತದೆ. ಇಷ್ಟೆಲ್ಲ ಹೊಂದಿದರೂ ತಜ್ಞರ ಪ್ರಮಾಣಪತ್ರ ಇಲ್ಲದೆ ತಿಳಿದವರು ಅದನ್ನು ಕೊಳ್ಳೋದಿಲ್ಲ.