ಜೀನ್ಸ್ ಅಮೆರಿಕದ್ದಂತೆ, ಹೆಸರು ಯಾವೂರಿಂದು?

ಹಾಕ್ಕೊಂಡಿರೋ ಜೀನ್ಸ್ ಕಾಲನ್ನ ಒಂಚೂರು ಮಡಚಿ ನೋಡಿ. ಮೇಲೆ ನೀಲಿ, ಒಳಗೆ ಬೆಳ್ಳಗೆ. ಹಾಸಿನ ದಾರಕ್ಕೆ (ಉದ್ದಕ್ಕೆ ಹೋಗೋದು) ಮಾತ್ರ ಬಣ್ಣ, ಹೊಕ್ಕಿನ ದಾರ (ಅಡ್ಡಕ್ಕೆ ಹೋಗೋದು) ಬಿಳೀದೇ, ಹಾಸು ಮೂರು ಹೊಕ್ಕಿನ ಮೇಲೆ ಹೋಗಿ ಒಂದರ ಕೆಳಗೆ ನುಸುಳೋದ್ರಿಂದ ನೀಲಿಯೆಲ್ಲ ಮೇಲೇ ಕಾಣತ್ತೆ, ಆ ಓರೆ ಗೆರೆ ಬರೋದೂ ಅದಕ್ಕೇ.

ಇದು ಅಮೆರಿಕದ್ದು ಅಂತೀವಲ್ಲ, ಹೆಸರಂತೂ ಅಲ್ಲಿಂದಲ್ಲ. ಜೀನ್ಸ್ ಅನ್ನೋ ಹೆಸರು ಇಟಲಿಯ ಜೆನೋವಾ ಬಂದರಿನದು, ಆ ಹೆಸರಿನ ಹಳೇ ಬಟ್ಟೇಲಿ ಹತ್ತಿ ಜೊತೆ ಲಿನನ್ನೂ ಅಂದ್ರೆ ಅಗಸೆ ನಾರೂ ಇರ್ತಿತ್ತು. ಜೀನ್ಸ್ ಹೊಲಿಯೋ ಬಟ್ಟೆಗೆ ಡೆನಿಮ್ ಅನ್ನೋ ಹೆಸರು ಫ್ರಾನ್ಸಿನ ನೀಮ್ ಊರಿಂದ ಬಂತು ಅಂತಾರೆ, ಅಲ್ಲಿನ ಸರ್ಜ್ ಅನ್ನೋ ಬಟ್ಟೆ ಉಣ್ಣೆದು. ನಾರು ಬದಲಾದ್ರೂ ಹೆಸರು ಉಳ್ಕೊಂತು ನೋಡಿ. ಇನ್ನು ಡಂಗ್ರಿ, ಅದೇ ಎದೆ ತನಕ ಬರೋ ಪ್ಯಾಂಟು? ನಮ್ಮ ಮುಂಬೈನ ಡೋಂಗ್ರಿ! ಅಲ್ಲಿ ಮಾರ್ತಿದ್ದ ಒರಟು ಹತ್ತಿ ಬಟ್ಟೆ ಹೆಸರನ್ನೇ ಇಂಗ್ಲಿಷರು ಹೊತ್ಕೊಂಡು ಹೋದ್ರು.

ಅಮೆರಿಕದ ಪಾಲು ರಿವೆಟ್, ಅಂದ್ರೆ ಜೇಬಿನ ಮೂಲೇಲಿರೋ ಪುಟ್ಟ ಲೋಹದ ಮೊಳೆ. ನೆವಾಡಾದ ರೀನೋದಲ್ಲಿ ಜೇಕಬ್ ಡೇವಿಸ್ ಅನ್ನೋ ಟೈಲರ್, ಕೆಲಸದವರ ಪ್ಯಾಂಟಿನ ಜೇಬು ಪದೇಪದೇ ಕಿತ್ತು ಬರತ್ತೆ ಅಂತ ಮೂಲೆಗೆ ತಾಮ್ರದ ರಿವೆಟ್ ಹೊಡೆದ, ಆಮೇಲೆ ತನಗೆ ಬಟ್ಟೆ ಸಪ್ಲೈ ಮಾಡ್ತಿದ್ದ ಲೀವೈ ಸ್ಟ್ರಾಸ್ ಜೊತೆ ಸೇರ್ಕೊಂಡು 1873ರ ಮೇ 20ಕ್ಕೆ ಪೇಟೆಂಟ್ ತಗೊಂಡ. ಪ್ಯಾಂಟಿನ ಮೇಲೆ ಯಾರ ಹೆಸರು ಕೂತಿದೆ ಅಂತ ಹೇಳ್ಬೇಕಿಲ್ಲ, ಪಾಪ ಟೈಲರ್ದಂತೂ ಅಲ್ಲ.

ನಂಗೆ ಇದೆಲ್ಲಕ್ಕಿಂತ ಮಜಾ ಅನ್ಸೋದು ಬಣ್ಣ. ಇಂಡಿಗೋ ಅನ್ನೋ ಪದಾನೇ 'ಇಂಡಿಯಾದ್ದು' ಅನ್ನೋ ಗ್ರೀಕ್ ಪದದಿಂದ ಹುಟ್ಟಿದ್ದು. ನೀಲಿ ಗಿಡದ ಸೊಪ್ಪು ನೆನೆಹಾಕಿ, ಕೊಳೆಸಿ, ನೀರನ್ನ ಬಡಿದು ಬಡಿದು ಬಣ್ಣ ತೆಗೀತಿದ್ರು. ದಾರ ತೊಟ್ಟಿಯಿಂದ ಎತ್ತಿದಾಗ ಹಳದಿ ಹಸಿರಾಗಿರತ್ತೆ, ಗಾಳಿ ತಾಗ್ತಾ ಕಣ್ಣೆದುರೇ ನೀಲಿಗೆ ತಿರುಗತ್ತೆ. ಆದ್ರೆ ಬಣ್ಣ ದಾರದ ನಡುವಿನ ತನಕ ಇಳಿಯಲ್ಲ, ಮೇಲ್ಮೇಲೆ ಕೂತಿರತ್ತೆ, ಅದಕ್ಕೇ ಮಂಡಿ ಹತ್ರ ತಿಕ್ಕಿ ತಿಕ್ಕಿ ಬೆಳ್ಳಗಾಗೋದು. ಬೇರೆ ಬಟ್ಟೆ ಬಣ್ಣ ಬಿಟ್ರೆ ಅಂಗಡಿಯವನ ಹತ್ರ ಜಗಳ, ಜೀನ್ಸ್ ಬಿಟ್ರೆ ಫ್ಯಾಷನ್.

1897ರಲ್ಲಿ ಜರ್ಮನಿಯ ಬಿಎಎಸ್ಎಫ್ ಕಂಪನಿ ಕೆಮಿಕಲ್ ಇಂಡಿಗೋನ ಮಾರ್ಕೆಟ್ಟಿಗೆ ಬಿಟ್ಟ ಮೇಲೆ ಗಿಡದ ನೀಲಿಗೆ ರೇಟೇ ಇಲ್ದಂಗಾಯ್ತು. ಬಿಹಾರದ ಬ್ರಿಟಿಷ್ ತೋಟದವರು ಆ ನಷ್ಟಾನ ಗೇಣಿ ಏರಿಸಿ ರೈತರ ತಲೆಗೇ ಕಟ್ಟಿದ್ರು, 1917ರಲ್ಲಿ ಗಾಂಧಿ ಅಲ್ಲಿನ ಚಂಪಾರಣ್‌ಗೆ ಹೋಗೋ ಹೊತ್ತಿಗೆ ಈ ಸಿಟ್ಟು ಕುದೀತಿತ್ತು.

ಈಗ ನಮ್ಮ ಬಳ್ಳಾರಿಯಲ್ಲೂ ರಾಶಿ ರಾಶಿ ಜೀನ್ಸ್ ಹೊಲೀತಾರೆ. ಹೊಲಿದು ಮುಗೀತಿದ್ದಂಗೆ ವಾಷಿಂಗ್ ಯೂನಿಟ್ಟಿಗೆ ಕಳಿಸ್ತಾರೆ, ಹಾಕಿದ ನೀಲೀನ ಅರ್ಧಂಬರ್ಧ ತೆಗೆಸೋಕೆ!